ಸಾಲಿನ ಕೊನೆಗೇ ಕಾದು ಕೂರುವ ಅಕ್ಷರ

ಓದಲು ಬಾರದ ಪುಸ್ತಕದಲ್ಲಿ ನೋಡುವುದೇನನ್ನು? ಯಾವ ಪದ ಎಲ್ಲಿ ಕೂತಿದೆ ಎಂಬುದನ್ನು!

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿರುವ ವಾಯ್ನಿಚ್ ಹಸ್ತಪ್ರತಿಯ ಲಿಪಿ ಇನ್ನೂ ಒಗಟು. ಹಳೆಪುಸ್ತಕ ವ್ಯಾಪಾರಿ ವಿಲ್‌ಫ್ರಿಡ್ ವಾಯ್ನಿಚ್ ಇದನ್ನು ಕೊಂಡದ್ದು 1912ರಲ್ಲಿ. ಚರ್ಮದ ಹಾಳೆಗಳು ಮಾತ್ರ 1404–1438ರ ನಡುವಿನವು ಎನ್ನುತ್ತದೆ ಇಂಗಾಲ ಪರೀಕ್ಷೆ.

ಬರಹದಲ್ಲಿ ವಿಚಿತ್ರ ಶಿಸ್ತಿದೆ. ಕಂಬದಂತೆ ಎತ್ತರಕ್ಕೆ ನಿಂತ ಎರಡು ಅಕ್ಷರಗಳು ಹೆಚ್ಚಾಗಿ ಪ್ಯಾರಾದ ಮೊದಲ ಸಾಲಿನಲ್ಲೇ ಕಾಣುತ್ತವೆ. ಸಂಶೋಧಕರು ‘ಎಂ’ ಎಂದು ಗುರುತಿಸುವ ಅಕ್ಷರ ಬಹುಪಾಲು ಸಾಲಿನ ಕೊನೆಯ ಪದದಲ್ಲಿ ಸಿಗುತ್ತದೆ.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು ವ್ಯಾಕರಣದಿಂದ. ಆದರೆ ಸಾಲು ಮುಗಿಯುವುದು ಹಾಳೆಯ ಅಂಚು ಬಂದಾಗ! ಅಂಚಿಗೂ ಅಕ್ಷರಕ್ಕೂ ಏನು ನಂಟು? ಸಾಲೇ ಇಲ್ಲಿ ಒಂದು ಘಟಕ ಎಂದು 1976ರಲ್ಲಿ ಗೂಢಲಿಪಿ ತಜ್ಞ ಪ್ರೆಸ್ಕಾಟ್ ಕರಿಯರ್ ವಾದಿಸಿದರು. ಜಾಗ ಸಾಲದೆ ಮಾಡಿದ ಸಂಕ್ಷೇಪವೋ, ಗುಪ್ತಲಿಪಿಯ ನಿಯಮವೋ, ಚರ್ಚೆ ನಡೆದೇ ಇದೆ.