ರೆಪ್ಪೆಯ ಲೆಕ್ಕ

ಕ್ಯಾಮೆರಾ ಎದುರು ಕೂತವರಲ್ಲಿ ಮೊದಮೊದಲು ಕಾಣುವುದು ಬರೀ ಭಂಗಿ. ಗದ್ದ ತುಸು ಮೇಲಕ್ಕೆ, ತುಟಿ ಬಿಗಿ, ನೋಟ ನೆಟ್ಟಗೆ. ಹಕ್ಕಿ ನೋಡುವವರಿಗೆ ಇದು ಹೊಸದಲ್ಲ: ನಾವು ಬಂದು ಕೂತದ್ದು ಗೊತ್ತಾದೊಡನೆ ಜೀವಿ ಸ್ತಬ್ಧವಾಗುತ್ತದೆ. ಅದು ನಮ್ಮನ್ನು ಮರೆಯುವವರೆಗೂ ಕಾಯಬೇಕು.

ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್ 1964ರಿಂದ 1966ರವರೆಗೆ ನ್ಯೂಯಾರ್ಕಿನ ತನ್ನ ಸ್ಟುಡಿಯೊ ‘ಫ್ಯಾಕ್ಟರಿ’ಯಲ್ಲಿ ತೆಗೆದ, ‘ಸ್ಕ್ರೀನ್ ಟೆಸ್ಟ್’ ಎಂಬ ಮುಖಗಳ ಕಿರುಚಿತ್ರಗಳಲ್ಲಿ ಇಂದಿಗೆ ಉಳಿದಿರುವವು 472. ಎಲ್ಲವೂ ಮೂಕ, ಕಪ್ಪು-ಬಿಳುಪು. ಟ್ರೈಪಾಡ್ ಮೇಲೆ ಬೋಲೆಕ್ಸ್ ಕ್ಯಾಮೆರಾ, ಎದುರಿಗೆ ಕಣ್ಣು ಕುಕ್ಕುವ ದೀಪ. ಅಲ್ಲಾಡಬೇಡಿ, ಸಾಧ್ಯವಾದರೆ ರೆಪ್ಪೆಯನ್ನೂ ಬಡಿಯಬೇಡಿ ಎಂಬುದು ಮೊದಮೊದಲ ಕಟ್ಟಳೆ. ನೂರು ಅಡಿಯ 16 ಎಂ.ಎಂ. ರೀಲು ಮುಗಿದರೆ ಚಿತ್ರವೂ ಮುಗಿಯಿತು. ಬೆಳಕು ತಾಗಿದ ಸುರುಳಿಯ ತುದಿಯಲ್ಲಿ ಮುಖ ಬೆಳ್ಳಗೆ ಕರಗಿಹೋಗುತ್ತದೆ.

ಇದರ ಜೀವಾಳವಿರುವುದು ವೇಗದಲ್ಲಿ. ರೀಲಿನಲ್ಲಿ ಸುಮಾರು 4000 ಚೌಕಟ್ಟುಗಳಿವೆ. ಸೆಕೆಂಡಿಗೆ 24ರಂತೆ ತೆಗೆದದ್ದನ್ನು 16ರಂತೆ ತೋರಿಸುತ್ತಾರೆ. ಮೂರು ನಿಮಿಷಕ್ಕೂ ಕಡಿಮೆಯ ಬದುಕು ನಾಲ್ಕು ನಿಮಿಷ ದಾಟುತ್ತದೆ. ಆಗ ರೆಪ್ಪೆ ಬೀಳುವುದು, ಕೆಳಗೆ ತಂಗುವುದು, ಏಳುವುದು ಬೇರೆಬೇರೆಯಾಗಿ ಕಾಣುತ್ತವೆ. ಉಗುಳು ನುಂಗಿದಾಗ ಗಂಟಲು ಅಲುಗುತ್ತದೆ, ಮೂಗಿನ ಹೊಳ್ಳೆ ಅರಳಿ ಮುಚ್ಚುತ್ತದೆ. ಸೊಂಟದಷ್ಟು ನೀರಿನಲ್ಲಿ ನಿಂತು ಕೆರೆ ನೋಡಿದಂತೆ: ತುಸು ಹೊತ್ತಿನಲ್ಲೇ ಕೆರೆಯ ಸಣ್ಣಪುಟ್ಟ ಜೀವ ಕಾಣತೊಡಗುತ್ತದೆ.

ನಾನು ಮತ್ತೆ ಮತ್ತೆ ನೋಡುವುದು ಆನ್ ಬುಕಾನನ್ ಅವರ 1964ರ ರೀಲನ್ನು. ರೆಪ್ಪೆ ಬಡಿಯದೆ ಕೂತಿದ್ದಾರೆ. ಕಣ್ಣಂಚಿನಲ್ಲಿ ನೀರು ತುಂಬುತ್ತದೆ, ನಿಲ್ಲುತ್ತದೆ, ಕೆನ್ನೆಗಿಳಿಯುತ್ತದೆ. ಮುಖದ ಒಂದು ಗೆರೆಯೂ ಕದಲುವುದಿಲ್ಲ. ಇದನ್ನು ದುಃಖವೆಂದು ಓದಬೇಕಿಲ್ಲ. ಪ್ರತಿ ಬಡಿತಕ್ಕೂ ರೆಪ್ಪೆ ಕಣ್ಣಿನ ಮೇಲೆ ನೀರಿನ ತೆಳುಪದರವನ್ನು ಸವರುತ್ತದೆ. ಅದು ನಿಂತರೆ ಪದರ ಒಡೆದು ಕಣ್ಣು ಒಣಗುತ್ತದೆ, ನರಗಳು ಉರಿ ತಿಳಿಸುತ್ತವೆ, ಗ್ರಂಥಿ ನೀರು ಸುರಿಸುತ್ತದೆ. ಇದೆಲ್ಲ ಗೊತ್ತಿದ್ದೂ ನೋಡುವಾಗ ನನ್ನ ಎದೆ ಭಾರವಾಗುತ್ತದೆ. ಅದು ನನ್ನ ಸಮಸ್ಯೆ.

ಕೈಗೆ ಏನಾದರೂ ಸಿಕ್ಕರೆ ಮುಖ ಅದರ ಹಿಂದೆ ಅಡಗುತ್ತದೆ. ರೂಪದರ್ಶಿ ಜೇನ್ ಹೋಲ್ಜರ್ ಒಂದು ರೀಲಿನಲ್ಲಿ ಹಲ್ಲುಜ್ಜುತ್ತಾರೆ. ನಾವು ಬ್ರಶ್ಶನ್ನೇ ನೋಡುತ್ತೇವೆ. ಗಾಯಕ ಲೂ ರೀಡ್ ಕಪ್ಪು ಕನ್ನಡಕ ಹಾಕಿಕೊಂಡು ಕೋಕಾ ಕೋಲಾ ಕುಡಿಯುತ್ತಾರೆ. ಬಲು ಸೊಗಸುಗಾರ, ನಿಜ. ಆದರೆ ನನ್ನ ಟಿಪ್ಪಣಿಯಲ್ಲಿ ಆ ರೀಲಿಗಿರುವುದು ಒಂದೇ ಸಾಲು: ಬಾಟಲಿ ಖಾಲಿ, ರೆಪ್ಪೆಯ ಲೆಕ್ಕ ಸಿಗಲಿಲ್ಲ.