ರೊಟ್ಟಿ ಅರಗುತ್ತದೆ, ಉಳ್ಳಾಗಡ್ಡಿ ಅರಗದು

ನಮ್ಮನಿ ನಾಯಿ ಮರಿ ಇದ್ದಾಗಿಂದ ಜೋಳದ ರೊಟ್ಟಿ ತಿಂದೇ ಬೆಳೆದೈತಿ. ಮಾಂಸ ತಿನ್ನೋ ಪ್ರಾಣಿಗೆ ರೊಟ್ಟಿ ಹೆಂಗ ಅರಗತೈತಿ? ಉಳಿದ ಝುಣಕ ಹಾಕಬಹುದೇನ್ರಿ?
— ಓದುಗರೊಬ್ಬರು, ನವಲಗುಂದ ತಾಲ್ಲೂಕು

ಜೋಳದಲ್ಲಿ ಹೆಚ್ಚಾಗಿರುವುದು ಪಿಷ್ಟ, ಅಂದರೆ ಸಕ್ಕರೆ ಅಣುಗಳ ಉದ್ದನೆಯ ಸರಪಳಿ. ಅದನ್ನು ತುಂಡರಿಸುವ ಕಿಣ್ವ ಅಮೈಲೇಸ್. ನಾಯಿಯ ಜೊಲ್ಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮೇದೋಜೀರಕ ಗ್ರಂಥಿ ಅದನ್ನು ಸಣ್ಣ ಕರುಳಿಗೆ ಸುರಿಯುತ್ತದೆ. ಈ ಕಿಣ್ವ ತಯಾರಿಸುವ ಜೀನ್ ತೋಳದಲ್ಲಿ 2 ಪ್ರತಿ ಇದ್ದರೆ ನಾಯಿಯಲ್ಲಿ 4ರಿಂದ 30 ಇರುತ್ತವೆ ಎಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಹತ್ತಿ ಬಿಡಿಸಲು ಇಬ್ಬರು ಆಳು ಇಳಿಯುವುದಕ್ಕೂ ಇಪ್ಪತ್ತು ಆಳು ಇಳಿಯುವುದಕ್ಕೂ ಇರುವಷ್ಟು ಅಂತರ ಇದು. ಸಾವಿರಾರು ವರ್ಷ ನಮ್ಮ ಅಂಗಳದಲ್ಲಿ ಉಂಡದ್ದರ ಫಲ. ಹಿಟ್ಟನ್ನು ಕುದಿನೀರಲ್ಲಿ ನಾದಿ ಹಂಚಿನ ಮೇಲೆ ಬೇಯಿಸುವಾಗ ಪಿಷ್ಟದ ಕಣಗಳು ಉಬ್ಬಿ ಸಡಿಲಾಗುತ್ತವೆ. ಹಸಿ ಕಾಳು ಅಷ್ಟು ಸುಲಭವಾಗಿ ಅರಗದು.

ಝುಣಕ ಮಾತ್ರ ಬೇಡ. ತಪ್ಪು ಕಡಲೆಹಿಟ್ಟಿನದಲ್ಲ, ಉಳ್ಳಾಗಡ್ಡಿಯದು. ಅದರ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಕೆಡಿಸಿ ಒಡೆಯುತ್ತವೆ. ಬೇಯಿಸಿದರೂ ವಿಷ ಹೋಗದು. 10 ಕಿಲೋ ತೂಗುವ ನಾಯಿಗೆ 150 ಗ್ರಾಂ ಸಾಕು ಹಾನಿಗೆ, ದಿನಾ ಸ್ವಲ್ಪ ಸ್ವಲ್ಪ ಹೋದರೂ ಅಪಾಯವೇ. ಒಸಡು ಬಿಳಿಚಿ, ಮೂತ್ರ ಕಂದುಗೆಂಪಾದರೆ ತಡಮಾಡದೆ ಪಶುವೈದ್ಯರ ಬಳಿ ಒಯ್ಯಿರಿ. ಬೆಳ್ಳುಳ್ಳಿ, ಒಣದ್ರಾಕ್ಷಿಯನ್ನೂ ನಾಯಿಗೆ ಹಾಕಬಾರದು.

ಹಾಗೆಂದು ಬರೀ ರೊಟ್ಟಿಯೂ ಸಾಲದು, ಪ್ರೋಟೀನ್ ಕಡಿಮೆ ಬೀಳುತ್ತದೆ. ಸಾರಿಗೆ ಒಗ್ಗರಣೆ, ಖಾರ, ಉಪ್ಪು ಬೀಳುವ ಮೊದಲೇ ಬೆಂದ ಬೇಳೆ ಒಂದಿಷ್ಟು ತೆಗೆದಿಟ್ಟು ರೊಟ್ಟಿಗೆ ಕಲಸಿ ಹಾಕಿರಿ.