ಗುಜರಿಯಲ್ಲಿ ಗಗನನೌಕೆ: ಮಕ್ಕಳ ಕಲ್ಪನಾಕ್ರೀಡೆಯ ಒಂದು ವಿವೇಚನೆ

ಮಕ್ಕಳ ಆಟಗಳನ್ನು ಕುರಿತು ನಮ್ಮಲ್ಲಿ ನಡೆದಿರುವ ವಿವೇಚನೆ ಬಹುಮಟ್ಟಿಗೆ ಹೆಸರುಳ್ಳ ಆಟಗಳಿಗೆ ಸೀಮಿತವಾಗಿದೆ. ಚಿನ್ನಿದಾಂಡು, ಲಗೋರಿ, ಬುಗುರಿ, ಕುಂಟೆಬಿಲ್ಲೆ, ಅಳಿಗುಳಿಮಣೆ ಮೊದಲಾದವುಗಳ ನಿಯಮಗಳನ್ನೂ ಪ್ರಾದೇಶಿಕ ಭೇದಗಳನ್ನೂ ಜಾನಪದ ವಿದ್ವಾಂಸರು ಸಂಗ್ರಹಿಸಿದ್ದಾರೆ. ಆದರೆ ಹೆಸರಿಲ್ಲದ, ಮಧ್ಯಾಹ್ನ ಹುಟ್ಟಿ ದೀಪ ಹಚ್ಚುವ ವೇಳೆಗೆ ಅಳಿದುಹೋಗುವ ಇನ್ನೊಂದು ಬಗೆಯ ಆಟವುಂಟು. ಗುಜರಿಯ ರಾಶಿಯಲ್ಲಿ ಸಿಕ್ಕ ಡ್ರಮ್ಮನ್ನು ಗಗನನೌಕೆಯೆಂದು ಭಾವಿಸಿ ಚಂದ್ರಲೋಕಕ್ಕೆ ಹೋಗಿಬರುವ ಆಟ ಈ ಜಾತಿಗೆ ಸೇರಿದ್ದು. ಇದನ್ನು ಹುಡುಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಇದರಲ್ಲಿ ಮಗುವಿನ ಮನಸ್ಸು ಮಾಡತಕ್ಕ ಕೆಲಸವೇನು, ಆ ಕೆಲಸಕ್ಕೆ ಬಿಸಾಡಿದ ವಸ್ತುಗಳೇ ಏಕೆ ಒದಗುತ್ತವೆ, ಇಂಥ ಆಟಕ್ಕೆ ಊರು ಹೇಗೆ ಎಡೆಮಾಡಿಕೊಡಬೇಕು ಎಂಬ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇವೆ.

ವಿವೇಚನೆಗೆ ನೆಲೆಯಾಗಿ ಮೈಸೂರು ನಗರದ ಶ್ರೀರಾಂಪುರವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇವೆ. ಹಳೆಯ ಹಳ್ಳಿಯನ್ನು ಸುತ್ತುವರಿದು ಬಡಾವಣೆಗಳು ಬೆಳೆದ ಭಾಗವಿದು. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೨೮ರಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆ ಇದಕ್ಕೆ ಸಮೀಪವಾಗಿದೆ. ಇಂಥ ಬಡಾವಣೆಗಳಲ್ಲಿ ಮನೆಗಳ ನಡುವೆ ಖಾಲಿ ನಿವೇಶನಗಳು, ಅವುಗಳಲ್ಲಿ ಇಟ್ಟಿಗೆ ಚೂರು, ಮುರಿದ ಕೊಳಾಯಿ, ಸವೆದ ಟೈರು, ರಸ್ತೆಯ ತಿರುವಿನಲ್ಲಿ ಗುಜರಿ ಅಂಗಡಿ, ಇವೆಲ್ಲ ಮೈಸೂರಿಗರಿಗೆ ಚಿರಪರಿಚಿತ. ನಿವೇಶನಗಳು ಒಂದೊಂದಾಗಿ ಮನೆಗಳಾಗುತ್ತಿರುವಾಗ ಮೇಲಿನ ಮೂರನೆಯ ಪ್ರಶ್ನೆ ಕೇವಲ ಶಾಸ್ತ್ರೀಯವಾಗಿ ಉಳಿಯುವುದಿಲ್ಲ.

೧. ವಸ್ತುವೂ ಅರ್ಥವೂ

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಆರರಿಂದ ಹತ್ತು ವರ್ಷದ ನಾಲ್ವರು ಮಕ್ಕಳು ಆಡುತ್ತಿದ್ದಾರೆ. ಅಡ್ಡಬಿದ್ದ ತಗಡಿನ ಡ್ರಮ್ಮು ಅವರ ನೌಕೆ. ಸ್ಕೂಟರಿನಿಂದ ಕಿತ್ತ ಸ್ಪೀಡೋಮೀಟರು ಭೂಮಿಯಿಂದ ಎಷ್ಟು ದೂರ ಬಂದೆವೆಂಬುದನ್ನು ತೋರಿಸುತ್ತದೆ. ಬಟ್ಟೆ ಹರಿದುಹೋದ ಕೊಡೆಯ ಕಡ್ಡಿಗಳು ಆಂಟೆನಾ. ಪಟ್ಟಿ ಕಿತ್ತ ಹೆಲ್ಮೆಟ್ಟು ಗಗನಯಾತ್ರಿಯ ಶಿರಸ್ತ್ರಾಣ.

ಇಂಥ ಆಟದ ಸ್ವರೂಪವನ್ನು ರಷ್ಯದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ ೧೯೩೩ರ ಉಪನ್ಯಾಸವೊಂದರಲ್ಲಿ ವಿವರಿಸಿದ್ದಾನೆ. ಎಳೆಯ ಮಗು ವಸ್ತುಗಳ ಅಧೀನದಲ್ಲಿರುತ್ತದೆ. ಬಾಗಿಲನ್ನು ಕಂಡರೆ ತೆರೆಯಬೇಕು, ಮೆಟ್ಟಿಲನ್ನು ಕಂಡರೆ ಹತ್ತಬೇಕು; ವಸ್ತುವೇ ಮಗುವಿಗೆ ಆಜ್ಞೆಮಾಡುತ್ತದೆ. ಕಲ್ಪನಾಕ್ರೀಡೆಯಲ್ಲಿ ಈ ಸಂಬಂಧ ತಿರುಗಿಬೀಳುತ್ತದೆ. ಕೋಲು ಕುದುರೆಯಾದಾಗ ಕುದುರೆಯೆಂಬ ಅರ್ಥವು ನಿಜವಾದ ಕುದುರೆಯಿಂದ ಬಿಡಿಸಿಕೊಂಡು ಕೋಲನ್ನು ಆಶ್ರಯಿಸುತ್ತದೆ. ಆದರೆ ಮಗು ಅರ್ಥವನ್ನು ಬರಿಯ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಲಾರದು; ಅದಕ್ಕೊಂದು ಊರೆಗೋಲು ಬೇಕು. ಎಲ್ಲ ವಸ್ತುವೂ ಊರೆಗೋಲಾಗದೆಂಬುದನ್ನೂ ವೈಗಾಟ್‌ಸ್ಕಿ ಗಮನಿಸಿದ್ದಾನೆ. ಕೋಲಿನ ಮೇಲೆ ಕಾಲುಹಾಕಿ ಓಡಬಹುದು. ಅಂಚೆಕಾರ್ಡಿನ ಮೇಲೆ ಸವಾರಿ ಸಾಧ್ಯವಿಲ್ಲ. ಅಂದರೆ, ವಸ್ತು ನೋಟಕ್ಕೆ ಹೋಲಬೇಕಾದುದಿಲ್ಲ, ಕ್ರಿಯೆಗೆ ಒದಗಬೇಕು.

ಗುಜರಿಯ ವಸ್ತುವಿನ ವಿಶೇಷ ಇಲ್ಲಿಯೇ ಇದೆ. ಅದರ ಮೊದಲ ಪ್ರಯೋಜನ ಮುಗಿದಿರುತ್ತದೆ, ಆಕಾರ, ತೂಕ, ತಿರುಗುವ ಕೀಲು, ಒತ್ತುವ ಗುಂಡಿ ಉಳಿದಿರುತ್ತವೆ. ಡ್ರಮ್ಮು ಇನ್ನು ನೀರು ತುಂಬುವುದಕ್ಕೆ ಬಾರದು, ಆದರೆ ಒಳಗೆ ಕುಳಿತುಕೊಳ್ಳುವುದಕ್ಕೆ ಬರುತ್ತದೆ. ಅಂಗಡಿಯಲ್ಲಿ ಕೊಂಡ ಆಟಿಕೆಯ ರಾಕೆಟ್ಟು ತಾನು ರಾಕೆಟ್ಟೆಂದು ತಾನೇ ಸಾರುತ್ತಿರುವುದರಿಂದ ಮಗುವಿಗೆ ಕೆಲಸ ಕಡಿಮೆ. ಕದಲಿಸಬಹುದಾದ, ಜೋಡಿಸಿ ಬಿಚ್ಚಬಹುದಾದ ವಸ್ತುಗಳು ಎಷ್ಟೆಷ್ಟು ಬಗೆಯಾಗಿರುತ್ತವೆಯೋ ಅಷ್ಟಷ್ಟು ಸೃಜನಶೀಲತೆಗೆ ಅವಕಾಶವೆಂದು ಸೈಮನ್ ನಿಕಲ್‌ಸನ್ ೧೯೭೧ರಲ್ಲಿ ಪ್ರತಿಪಾದಿಸಿದುದು ಇದೇ ತತ್ತ್ವವನ್ನು. ನಮ್ಮ ಮಕ್ಕಳಿಗೆ ಇದು ಹೊಸದಲ್ಲ. ತೆಂಗಿನ ಕರಟ ಪಾತ್ರೆಯಾಗಿ, ಮಣ್ಣು ಅನ್ನವಾಗಿ, ಎಲೆ ಪಲ್ಯವಾಗಿ ನಡೆಯುವ ಅಡುಗೆಯಾಟವೇ ಗುಜರಿಯ ಗಗನಯಾನದ ಹಿರಿಯಕ್ಕ.

೨. ‘ಅಂತೆ’ಯ ಲೋಕ

ಡ್ರಮ್ಮು ನೌಕೆಯಾಗುವುದು ಒಂದು ಮಗುವಿನ ಮನಸ್ಸಿನಲ್ಲಿ ಮಾತ್ರವಲ್ಲ, ನಾಲ್ವರ ಒಪ್ಪಂದದಲ್ಲಿ. ಈ ಒಪ್ಪಂದವನ್ನು ಕನ್ನಡದ ಮಕ್ಕಳು ಒಂದು ಸಣ್ಣ ಮಾತಿನಿಂದ ಸಾಧಿಸುತ್ತಾರೆ. “ಇದು ರಾಕೆಟ್ ಅಂತೆ, ನೀನು ಡ್ರೈವರ್ ಅಂತೆ, ಆಚೆ ಗಾಳಿ ಇಲ್ಲವಂತೆ.” ದೊಡ್ಡವರ ಮಾತಿನಲ್ಲಿ ‘ಅಂತೆ’ ಎಂಬುದು ಪರರಿಂದ ಕೇಳಿದ ಸುದ್ದಿಯನ್ನು ಸೂಚಿಸುತ್ತದೆ, ನಾಳೆ ಮಳೆ ಬರುತ್ತದಂತೆ ಎಂದವನು ಮಳೆಯ ಹೊಣೆಯನ್ನು ಹೊರುವುದಿಲ್ಲ. ಮಕ್ಕಳ ಬಾಯಲ್ಲಿ ಅದೇ ಮಾತು, ಸುದ್ದಿಯನ್ನು ತಂದವರಾರೂ ಇಲ್ಲದಿದ್ದರೂ, ಲೋಕವೊಂದನ್ನು ಸ್ಥಾಪಿಸುತ್ತದೆ. ಹೇಳಿದ್ದು ನಿಜವಲ್ಲ, ಸುಳ್ಳೂ ಅಲ್ಲ. ಆಟ ಮುಗಿಯುವವರೆಗೆ ಎಲ್ಲರೂ ನಡೆಸಿಕೊಡಬೇಕಾದ ಮಾತು. ‘ಇದು ಆಟ’ ಎಂಬ ಸಂಕೇತವಿಲ್ಲದೆ ಆಟ ನಡೆಯದೆಂದು ಗ್ರೆಗರಿ ಬೇಟ್‌ಸನ್ ೧೯೫೫ರ ಪ್ರಬಂಧವೊಂದರಲ್ಲಿ ತೋರಿಸಿದ್ದಾನೆ. ಆ ಸಂಕೇತವನ್ನು ಕನ್ನಡವು ಎರಡಕ್ಷರದಲ್ಲಿ ಅಡಗಿಸಿದೆ.

ಲೋಕ ಸ್ಥಾಪಿತವಾದೊಡನೆ ನಿಯಮಗಳು ಬರುತ್ತವೆ. ಆಚೆ ಗಾಳಿಯಿಲ್ಲವೆಂದು ಒಪ್ಪಿದ ಮೇಲೆ ಹೆಲ್ಮೆಟ್ಟಿಲ್ಲದೆ ಡ್ರಮ್ಮಿನಿಂದ ಇಳಿಯುವಂತಿಲ್ಲ, ಇಳಿದವನು ಸತ್ತ. ನಿಜವಾಗಿ ಮನೆಗೆ ಓಡಬೇಕಾದಾಗ ‘ಟೈಂ ಪ್ಲೀಸ್’ ಎಂದು ಕೂಗಿ ಲೋಕವನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕು. ಹಿಂಬಾಲಿಸಿ ಬಂದ ಮೂರು ವರ್ಷದ ತಮ್ಮನಿಗೆ ನಿಯಮ ತಿಳಿಯದು, ಅವನನ್ನು ಅಳಿಸುವಂತೆಯೂ ಇಲ್ಲ. ಆದುದರಿಂದ ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ; ಅವನು ಹೆಲ್ಮೆಟ್ಟಿಲ್ಲದೆಯೇ ಚಂದ್ರನ ಮೇಲೆ ನಡೆಯಬಲ್ಲ. ಪಿಯಾಜೆ ೧೯೪೫ರ ತನ್ನ ಗ್ರಂಥದಲ್ಲಿ ಸಾಂಕೇತಿಕ ಕ್ರೀಡೆಯನ್ನು ಮಗು ಲೋಕವನ್ನು ತನ್ನ ಇಚ್ಛೆಗೆ ಬಗ್ಗಿಸಿಕೊಳ್ಳುವ ಕ್ರಿಯೆಯೆಂದು ನಿರೂಪಿಸಿದ. ಅದು ಅರ್ಧ ಸತ್ಯವೆಂದು ನಮಗೆ ತೋರುತ್ತದೆ. ತಾನೇ ಒಪ್ಪಿದ ನಿಯಮಕ್ಕೆ ತನ್ನ ಇಚ್ಛೆಯನ್ನು ಬಗ್ಗಿಸಿಕೊಳ್ಳುವುದನ್ನೂ, ತನಗಿಂತ ಕಿರಿಯನಿಗೆ ಅದೇ ನಿಯಮವನ್ನು ಸಡಿಲಿಸುವುದನ್ನೂ ಮಗು ಇಲ್ಲಿ ಅಭ್ಯಾಸಮಾಡುತ್ತದೆ.

೩. ಗಗನವೇ ಏಕೆ?

ಮಕ್ಕಳು ಸುತ್ತಲಿನ ದೊಡ್ಡವರ ಲೋಕದಿಂದಲೇ ಆಟದ ವಸ್ತುವನ್ನು ಆರಿಸುತ್ತಾರೆ. ಬಸ್ಸಿನ ಆಟ, ಮೇಷ್ಟರ ಆಟ ಹೀಗೆ ಹುಟ್ಟಿದವು. ಕರ್ಣಾಟಕದ ಮಕ್ಕಳಿಗೆ ಗಗನಯಾನವು ಪರದೇಶದ ಕಥೆಯಾಗಿ ಉಳಿದಿಲ್ಲ. ೧೯೭೫ರ ಏಪ್ರಿಲ್ ೧೯ರಂದು ಕಕ್ಷೆಗೇರಿದ ಆರ್ಯಭಟ ಉಪಗ್ರಹವು ಉಡುಪಿ ಜಿಲ್ಲೆಯ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಸಿದ್ಧವಾಯಿತು. ರಾಕೇಶ್ ಶರ್ಮ ೧೯೮೪ರ ಏಪ್ರಿಲ್ ೩ರಂದು ಸೋವಿಯತ್ ನೌಕೆಯಲ್ಲಿ ಗಗನಕ್ಕೇರಿದರು. ೨೦೨೩ರ ಆಗಸ್ಟ್ ೨೩ರ ಸಂಜೆ ಚಂದ್ರಯಾನ-೩ರ ಇಳಿತವನ್ನು ಬೆಂಗಳೂರಿನ ನಿಯಂತ್ರಣಕೇಂದ್ರದಿಂದ ನಡೆಸಿದುದನ್ನು ಅಸಂಖ್ಯ ಮಕ್ಕಳು ಮನೆಯ ಪರದೆಯ ಮೇಲೆ ಕಂಡಿದ್ದಾರೆ.

ಕೈಗೆ ಸಿಕ್ಕಿದುದರಿಂದ ಕಾರ್ಯ ಸಾಧಿಸುವುದು ಮಕ್ಕಳ ಸ್ವಭಾವ ಮಾತ್ರವೆಂದು ತಿಳಿಯಬೇಕಾದುದಿಲ್ಲ. ೧೯೮೧ರಲ್ಲಿ ಆಪಲ್ ಉಪಗ್ರಹದ ಆಂಟೆನಾ ಪರೀಕ್ಷೆಗೆ ಲೋಹದ ವಾಹನ ಅಡ್ಡಿಯಾಗಬಾರದೆಂದು ವಿಜ್ಞಾನಿಗಳು ಅದನ್ನು ಎತ್ತಿನ ಗಾಡಿಯ ಮೇಲೆ ಕೂರಿಸಿದರು. ಆಟದಿಂದ ವಿಜ್ಞಾನಕ್ಕೂ ಸಾಲ ಸಂದಿದೆ. ಮಕ್ಕಳು ಹತ್ತರಿಂದ ಸೊನ್ನೆಗೆ ಹಿಂದೆಣಿಸಿ ರಾಕೆಟ್ಟನ್ನು ಹಾರಿಸುತ್ತಾರಷ್ಟೆ. ಆ ಹಿಂದೆಣಿಕೆ ಪ್ರಸಿದ್ಧಿಗೆ ಬಂದುದು ಫ್ರಿಟ್ಸ್ ಲಾಂಗನ ೧೯೨೯ರ ಮೂಕಚಿತ್ರವೊಂದರಿಂದ, ನಿಜವಾದ ಚಂದ್ರಯಾತ್ರೆಗೆ ನಾಲ್ಕು ದಶಕಗಳ ಮೊದಲು.

೪. ಬಿಸಾಡಿದ ವಸ್ತುಗಳ ಕ್ರೀಡಾಂಗಣ

ಮಕ್ಕಳ ಈ ಒಲವನ್ನು ಗಮನಿಸಿ ಅದಕ್ಕೆ ಸ್ಥಳವನ್ನೇ ನಿರ್ಮಿಸಿದ ಪ್ರಯತ್ನಗಳುಂಟು. ಡೆನ್ಮಾರ್ಕಿನ ಉದ್ಯಾನಶಿಲ್ಪಿ ಸೊರೆನ್‌ಸೆನ್, ತಾನು ರಚಿಸಿದ ಅಂದದ ಆಟದ ಬಯಲುಗಳಿಗಿಂತ ಹಳೆಯ ಸಾಮಾನಿನ ರಾಶಿಯೇ ಮಕ್ಕಳನ್ನು ಸೆಳೆಯುವುದನ್ನು ಕಂಡ. ೧೯೪೩ರಲ್ಲಿ, ದೇಶವು ಜರ್ಮನ್ ಸೈನ್ಯದ ವಶದಲ್ಲಿದ್ದಾಗ, ಕೋಪನ್‌ಹೇಗನ್ನಿನ ಎಂಡ್ರುಪ್‌ನಲ್ಲಿ ಮೊದಲ ಗುಜರಿ ಕ್ರೀಡಾಂಗಣ ತೆರೆಯಿತು. ಮರದ ಹಲಗೆ, ಇಟ್ಟಿಗೆ, ಹಗ್ಗ, ಉಪಕರಣಗಳೊಡನೆ ಅಲ್ಲಿ ಒಬ್ಬ ಹಿರಿಯನೂ ಇದ್ದ. ಅವನ ಕೆಲಸ ಆಟ ಕಲಿಸುವುದಲ್ಲ, ಆಟಕ್ಕೆ ಕಾವಲಾಗುವುದು. ಇದರಿಂದ ಪ್ರೇರಿತರಾದ ಲೇಡಿ ಅಲೆನ್ ೧೯೪೬ರಲ್ಲಿ, ಬಾಂಬು ಬಿದ್ದು ಹಾಳಾದ ನಿವೇಶನಗಳನ್ನು ಇಂಗ್ಲೆಂಡಿನ ಮಕ್ಕಳಿಗೆ ಹೀಗೆಯೇ ಬಿಟ್ಟುಕೊಡಬೇಕೆಂದು ವಾದಿಸಿದರು.

ನಮ್ಮ ನಾಡಿನಲ್ಲೂ ಸಮೀಪದ ನಿದರ್ಶನಗಳಿವೆ. ಬೆಂಗಳೂರಿನ ಆಂಟ್‌ಹಿಲ್ ಕ್ರಿಯೇಷನ್ಸ್ ಸಂಸ್ಥೆ ಬಳಸಿ ಬಿಟ್ಟ ಟೈರುಗಳಿಂದ ಆಟದ ತಾಣಗಳನ್ನು ಕಟ್ಟುತ್ತಿದೆ. ಮೈಸೂರಿನಲ್ಲಿ ೧೯೭೯ರಲ್ಲಿ ಸ್ಥಾಪಿತವಾದ ರೈಲ್ವೆ ವಸ್ತುಸಂಗ್ರಹಾಲಯವು ಸೇವೆಯಿಂದ ನಿವೃತ್ತವಾದ ಉಗಿಯಂತ್ರಗಳನ್ನು ಮಕ್ಕಳ ಕಣ್ಣೆದುರು ನಿಲ್ಲಿಸಿದೆ. ಆದರೆ ಇವೆರಡರಲ್ಲೂ ವಸ್ತುವಿನ ರೂಪವನ್ನು ನಿರ್ಧರಿಸಿದವರು ಹಿರಿಯರು. ಎಂಡ್ರುಪ್‌ನಲ್ಲಿ ಮಕ್ಕಳೇ ಕಟ್ಟಿ ಮಕ್ಕಳೇ ಕೆಡವುತ್ತಿದ್ದರು. ಈ ವ್ಯತ್ಯಾಸವನ್ನು ಮರೆಯಬಾರದು.

೫. ಅಪಾಯವೂ ಅಸಮಾನತೆಯೂ

ಇಷ್ಟರಿಂದ ಗುಜರಿಯ ರಾಶಿ ಮಕ್ಕಳಿಗೆ ಹಿತವೆಂಬ ನಿರ್ಣಯಕ್ಕೆ ಬರುವುದು ಘೋರ ಪ್ರಮಾದವಾದೀತು. ನೌಕೆಯಾಗಲು ಅತ್ಯಂತ ಒಪ್ಪುವ ವಸ್ತುಗಳೇ ಅತ್ಯಂತ ಅಪಾಯಕರ. ಬಿಸಾಡಿದ ರೆಫ್ರಿಜರೇಟರಿನೊಳಗೆ ಹೊಕ್ಕ ಮಕ್ಕಳು ಬಾಗಿಲು ಒಳಗಿನಿಂದ ತೆರೆಯಲಾಗದೆ ಉಸಿರುಕಟ್ಟಿ ಸಾಯುತ್ತಿದ್ದುದರಿಂದ ಅಮೆರಿಕವು ೧೯೫೬ರಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಬೇಕಾಯಿತು. ಹಳೆಯ ಬ್ಯಾಟರಿಯ ಸೀಸವು ಬೆಳೆಯುವ ಮೆದುಳಿಗೆ ವಿಷ. ಟೈರಿನಲ್ಲಿ ನಿಂತ ನೀರು ಡೆಂಗಿಯ ಸೊಳ್ಳೆಗೆ ತೊಟ್ಟಿಲು. ೨೦೨೪ರಲ್ಲಿ ಕರ್ಣಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಬ್ರಜಿಲ್ಲಿನ ಗೊಯಾನಿಯದಲ್ಲಿ ೧೯೮೭ರಲ್ಲಿ ಗುಜರಿಗೆ ಬಂದ ಚಿಕಿತ್ಸಾಯಂತ್ರದಿಂದ ಹೊರಬಿದ್ದ ಹೊಳೆಯುವ ವಿಕಿರಣಶೀಲ ಪುಡಿಗೆ ಬಲಿಯಾದ ನಾಲ್ವರಲ್ಲಿ ಒಬ್ಬಳು ಆರು ವರ್ಷದ ಬಾಲಿಕೆ. ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ೨೦೧೦ರಲ್ಲಿ ಕೋಬಾಲ್ಟ್-೬೦ರಿಂದ ಒಬ್ಬ ಕಾರ್ಮಿಕ ಮೃತನಾದ.

ಇನ್ನೊಂದು ಸಂಗತಿ ಇದಕ್ಕಿಂತ ಮೌನವಾದದ್ದು. ಅದೇ ರಾಶಿಯ ಮುಂದೆ ಆಡಲಾಗದೆ ನಿಂತ ಮಗುವೂ ಉಂಟು. ಅದಕ್ಕೆ ತಾಮ್ರದ ತಂತಿ ತಂತಿಯೇ, ಕಬ್ಬಿಣ ಕಬ್ಬಿಣವೇ. ಅವುಗಳ ಅರ್ಥವನ್ನು ತಕ್ಕಡಿ ನಿಗದಿಮಾಡಿಬಿಟ್ಟಿರುತ್ತದೆ. ೨೦೧೬ರ ತಿದ್ದುಪಡಿಯು ೧೪ ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿದರೂ, ಶಾಲೆಯ ವೇಳೆಯಾಚೆ ಕುಟುಂಬದ ಕಸಬಿಗೆ ನೆರವಾಗುವುದಕ್ಕೆ ಅನುಮತಿಯಿತ್ತಿದೆ. ಶಾಲೆಯಾಚೆಯ ವೇಳೆಯೇ ಆಟದ ವೇಳೆಯೆಂಬುದನ್ನು ಇಲ್ಲಿ ನೆನೆಯಬೇಕು. ಭಾರತವು ೧೯೯೨ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ ೩೧ನೆಯ ವಿಧಿ ವಿರಾಮವನ್ನೂ ಆಟವನ್ನೂ ಪ್ರತಿಯೊಂದು ಮಗುವಿನ ಹಕ್ಕೆಂದು ಹೇಳಿದೆ. ಗುಜರಿ ಆಯುವ ಮಗು ಅದಕ್ಕೆ ಹೊರತಲ್ಲ.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ಸೂಚನೆ ಸರಳವಾದದ್ದು. ಮಗುವಿಗೆ ಬೇಕಾದುದು ಗುಜರಿ ಅಂಗಡಿಯಲ್ಲ, ಅರ್ಥ ಸಡಿಲವಾದ ವಸ್ತುಗಳು. ಅವನ್ನು ಹೊಂದಿಸಲು ನೆಲ ಮತ್ತು ವೇಳೆ. ಕಣ್ಣಿಟ್ಟರೂ ಕೈಹಾಕದ ಒಬ್ಬ ಹಿರಿಯ. ೧೯೮೫ರ ಕರ್ಣಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲುಜಾಗಗಳ ಶಾಸನವು ನೆಲದ ರಕ್ಷಣೆಗೆ ಆಧಾರ ಒದಗಿಸಿದೆ. ಆದರೆ ನಮ್ಮ ಉದ್ಯಾನಗಳಲ್ಲಿ ಹುಲ್ಲು ತುಳಿಯಬಾರದೆಂಬ ಫಲಕ ಮಗುವಿಗಿಂತ ಮೊದಲು ಬಂದು ನಿಂತಿರುವುದುಂಟು. ಶ್ರೀರಾಂಪುರದಂಥ ಬಡಾವಣೆಯ ಉದ್ಯಾನವೊಂದರ ಮೂಲೆಯಲ್ಲಿ, ಚೂಪು ತೆಗೆದ ಹಲಗೆ, ನೀರು ನಿಲ್ಲದಂತೆ ರಂಧ್ರ ಕೊರೆದ ಟೈರು, ಎರಡು ಬದಿಯೂ ತೆರೆದ ಡ್ರಮ್ಮು, ರಟ್ಟಿನ ಪೆಟ್ಟಿಗೆ, ಹಗ್ಗ, ಹಳೆಯ ಬಟ್ಟೆ ಇವಿಷ್ಟನ್ನು ಇಟ್ಟರೆ ತಗಲುವ ವೆಚ್ಚ ಅತ್ಯಲ್ಪ. ವಾರಕ್ಕೊಮ್ಮೆ ಯಾರಾದರೂ ಅವನ್ನು ಪರೀಕ್ಷಿಸಬೇಕು. ಸಂಜೆ ಅಸ್ತವ್ಯಸ್ತವಾಗಿ ಬಿದ್ದಿರುವುದನ್ನು ನೋಡಿ ನೆರೆಯವರು ದೂರು ಕೊಡದಿರಬೇಕು. ಗುಜರಿ ಅಂಗಡಿಯ ಮಗುವೂ ಆ ಮೂಲೆಗೆ ಬರುವಂತಾಗಬೇಕಾದರೆ ಅದು ಅಂಗಡಿಗೆ ಸಮೀಪದಲ್ಲಿರಬೇಕು, ಬೇಲಿಯಿಂದಲೂ ಶುಲ್ಕದಿಂದಲೂ ಮುಕ್ತವಾಗಿರಬೇಕು. ಆ ಮಗುವಿಗೆ ಡ್ರಮ್ಮೊಂದನ್ನು ತೂಗದೆ ಒಳಗೆ ಕೂರುವಷ್ಟು ವಿರಾಮ ದೊರೆತರೆ, ಉಳಿದ ಯಾನವನ್ನು ಅದು ತಾನೇ ನಡೆಸಬಲ್ಲದು.